ಪೈರಿನ ಬುಡದ ಹುಳು

(ಬಾನುಲಿ ಭಾಷಣ)

ಪ್ರಾಣಿಶಾಸ್ತ್ರಜ್ಞರು ಕೀಟಗಳಿಗೆ ಇಡುವ ಹೆಸರುಗಳು ಸಾಮಾನ್ಯವಾಗಿ ನಮ್ಮ ನಾಲಗೆಗೆ ಒಗ್ಗುವಂಥವಲ್ಲ. ಗ್ರೀಕಿನದೊಂದು ತುಂಡು, ಲ್ಯಾಟಿನಿನದೊಂದು ತುಂಡು, ಕೊನೆಗೆ ಯಾರೋ ಸಾಹೇಬರ ಹೆಸರು, ಹೀಗೆ ಅವುಗಳ ನಾಮಕರಣ ನಡೆಯುತ್ತದೆ. ಆದರೆ ನಾನೀಗ ಹೇಳಹೊರಟಿರುವ ಹುಳುವಿನ ಹೆಸರಿನ ಮೊದಲರ್ಧವನ್ನು ಕನ್ನಡ ಬಲ್ಲವರು ಯಾರಾದರೂ ನಿಘಂಟು ತೆರೆಯದೆ ತಿಳಿಯಬಲ್ಲರು. ಅದರ ಹೆಸರು ನೀಲಪರ್ವತ ಲುಗೆನ್ಸ್. ಲುಗೆನ್ಸ್ ಎಂಬುದು ಲ್ಯಾಟಿನ್ ಮಾತು. ಶೋಕಿಸುತ್ತಿರುವುದು ಎಂದು ಅದರ ಅರ್ಥ. ಯುರೋಪಿನಲ್ಲಿ ಸಾವಿನ ಮನೆಯವರು ಕಪ್ಪು ತೊಡುವ ಪದ್ಧತಿಯಿರುವುದರಿಂದ ಮಂಕುಬಣ್ಣದ ಪ್ರಾಣಿಗಳಿಗೆ ಅಲ್ಲಿನ ಪಂಡಿತರು ಈ ವಿಶೇಷಣವನ್ನು ಅಂಟಿಸುವುದುಂಟು. ಈ ಹುಳುವಿಗೆ ಅದನ್ನು ಕೊಟ್ಟವನು ಸ್ವೀಡನ್ನಿನ ಕಾರ್ಲ್ ಸ್ಟೋಲ್, 1854ರಲ್ಲಿ. ಅರ್ಧ ಶತಮಾನ ಕಳೆದ ಮೇಲೆ, 1906ರಲ್ಲಿ, ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತನ್ನು ಕುರಿತ ಗ್ರಂಥಮಾಲೆಯಲ್ಲಿ ಡಿಸ್ಟಂಟ್ ಎಂಬ ಆಂಗ್ಲ ವಿದ್ವಾಂಸ ನೀಲಪರ್ವತವೆಂಬ ಕುಲವನ್ನು ಕಲ್ಪಿಸಿದ. ಹೀಗೆ ಇಬ್ಬರು ಪರದೇಶಿಗಳ ಕೈಯಲ್ಲಿ, ಪರಸ್ಪರ ಅರಿಯದೆ, ಒಂದು ಪುಟ್ಟ ಕಾವ್ಯವೇ ಸಿದ್ಧವಾಯಿತು: ಶೋಕಿಸುವ ನೀಲಪರ್ವತ. ಹುಳುವಿನ ಉದ್ದವೋ, ಮೂರು ಮಿಲಿಮೀಟರು.

ರೈತರಿಗೆ ಈ ಕಾವ್ಯ ಬೇಕಾಗಿಲ್ಲ. ಅವರು ಅದನ್ನು ಕಂದು ಜಿಗಿಹುಳು ಎನ್ನುತ್ತಾರೆ. ತುಂಗಭದ್ರಾ ನಾಲೆಯ ಕೆಳಗೆ ಬಂದು ನೆಲೆಸಿದ ತೆಲುಗರ ಕ್ಯಾಂಪುಗಳಲ್ಲಿ ಅದಕ್ಕೆ ಸುಡಿದೋಮ ಎಂದು ಹೆಸರು. ಸುಡಿ ಎಂದರೆ ನಮ್ಮ ಸುಳಿ. ದೋಮ ಎಂದರೆ ಸೊಳ್ಳೆ. ಎಲ್ಲ ಹೆಸರುಗಳಲ್ಲಿ ಇದೇ ಹೆಚ್ಚು ಸಾರ್ಥಕವೆಂದು ನನ್ನ ಮತ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಈ ಹುಳುವಿನ ಪರಿಚಯ ನನಗೆ ಪುಸ್ತಕದಿಂದ ಆದುದು ಮೊದಲು, ಗದ್ದೆಯಲ್ಲಿ ಆದುದು ಬಹಳ ತಡವಾಗಿ. ಆ ತಡವೇ ಈ ಭಾಷಣಕ್ಕೆ ಕಾರಣ. 1998ರ ಅಕ್ಟೋಬರ್ ತಿಂಗಳು. ಗಂಗಾವತಿ ಸೀಮೆಯಲ್ಲಿ ಎರಡೂವರೆ ಎಕರೆ ಭತ್ತ ಬೆಳೆಯುತ್ತಿದ್ದ ನನ್ನ ಸೋದರಮಾವ ಹೇಳಿಕಳಿಸಿದರು: ಪೈರು ಯಾಕೋ ಕಳೆಗುಂದಿದೆ, ನೀನು ಹುಳುಹುಪ್ಪಟೆಯ ಪಾಠ ಹೇಳುವವನು, ಒಮ್ಮೆ ಬಂದು ನೋಡು ಎಂದು. ಹೋದೆ. ಬದುವಿನ ಮೇಲೆ ನಿಂತು, ಗರಿಗಳನ್ನು ಹಿಡಿದು, ತಿರುವಿ, ಬೆಳಕಿಗೆ ಒಡ್ಡಿ ನೋಡಿದೆ. ಒಂದೆರಡು ಹಸಿರು ಜಿಗಿಹುಳುಗಳು ಹಾರಿದವು. "ಏನೂ ಇಲ್ಲ ಮಾವ, ಸ್ವಲ್ಪ ಸಾರ ಕಡಿಮೆಯಾಗಿರಬೇಕು" ಎಂದೆ. ಮಾವ ನನ್ನ ಮಾತನ್ನು ನಂಬಿ ಇನ್ನೊಂದು ಚೀಲ ಯೂರಿಯಾ ಎರಚಿದರು. ಹದಿನೈದು ದಿನಗಳಲ್ಲಿ ಗದ್ದೆಯ ನಡುವೆ ಬಂಡಿಗಾಲಿಯಷ್ಟಗಲದ ಒಂದು ವೃತ್ತ ಕಂದುಬಣ್ಣಕ್ಕೆ ತಿರುಗಿತು. ವಾರದೊಳಗೆ ಅದು ಕಣದಷ್ಟಗಲವಾಯಿತು. ಅಂಥವು ಆರೇಳು ಎದ್ದು ಒಂದಕ್ಕೊಂದು ಕೂಡಿಕೊಂಡವು. ಬೆಂಕಿ ಬಿದ್ದ ಹುಲ್ಲುಗಾವಲಿನಂತೆ ಪೈರು ಒರಗಿತು. ನಾನು ಎರಡನೆಯ ಸಲ ಹೋದಾಗ ಮಾವ ಮಾತಿಲ್ಲದೆ ಕೆಸರಿಗೆ ಇಳಿದು, ಒಂದು ಬುಡವನ್ನು ಎರಡು ಕೈಗಳಿಂದ ಬಿಡಿಸಿ ತೋರಿಸಿದರು. ನೀರಿನಿಂದ ನಾಲ್ಕು ಬೆರಳು ಮೇಲೆ, ತೆಂಡೆಗಳ ಸಂದಿಯಲ್ಲಿ, ಎಳ್ಳು ಮೆತ್ತಿದಂತೆ ಹುಳುಗಳು ಕುಳಿತಿದ್ದವು. ಅದರ ಲ್ಯಾಟಿನ್ ಹೆಸರನ್ನು ನಾನು ಹತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೆ. ನಾನು ಗರಿಯನ್ನು ನೋಡಿದೆ, ಅದು ಬುಡದಲ್ಲಿತ್ತು.

ಆದುದರಿಂದ ಮೊದಲು ಅದರ ಮನೆಯ ವಿಳಾಸವನ್ನೇ ಹೇಳಬೇಕು. ಭತ್ತದ ಗದ್ದೆಯೆಂದರೆ ನಮ್ಮ ಕಣ್ಣಿಗೆ ಒಂದೇ ಹಸಿರು ಹಾಸು. ಅಲ್ಲಿ ಬಾಳುವ ಜೀವಿಗಳಿಗೆ ಅದು ಹಲವು ಅಂತಸ್ತುಗಳ ಭವನ. ಮೇಲಂತಸ್ತಿನಲ್ಲಿ ಬಿಸಿಲು, ಗಾಳಿ. ಎಲೆ ಸುರುಳಿ ಹುಳುವಿನ ಬಿಡಾರ ಅಲ್ಲಿ. ನೆಲಮಾಳಿಗೆಯಲ್ಲಿ, ನೀರಿನ ಮೇಲೆ, ಸದಾ ನೆರಳು, ಸದಾ ತೇವ, ಗಾಳಿಯಾಡದ ಬೆಚ್ಚಗಿನ ಮಬ್ಬು. ಕಂದು ಜಿಗಿಹುಳುವಿಗೆ ಬೇಕಾದುದು ಈ ಮಬ್ಬು. ನಾಟಿ ಒತ್ತಾದಷ್ಟೂ, ತೆಂಡೆ ಹೆಚ್ಚು ಒಡೆದಷ್ಟೂ, ನೀರು ನಿಂತಷ್ಟೂ ಅದಕ್ಕೆ ಅನುಕೂಲ. ಮೇಲಿನಿಂದ ಹೊಡೆದ ಔಷಧಿ ಗರಿಗಳ ಮೇಲೆ ಕುಳಿತು ಒಣಗುತ್ತದೆಯೇ ಹೊರತು ಈ ನೆಲಮಾಳಿಗೆಗೆ ಇಳಿಯುವುದು ಅತ್ಯಲ್ಪ.

ಇನ್ನು ಗುರುತು. ಇದು ತಿಗಣೆಯ ದೂರದ ಬಂಧು. ಮಲೆನಾಡಿನಲ್ಲಿ ಕಿವಿಗಡಚಿಕ್ಕುವಂತೆ ಕೂಗುವ ಜೀರುಂಡೆಗೆ ಇನ್ನೂ ಹತ್ತಿರದ ನೆಂಟ. ರಸ ಹೀರುವ ಕೊಳವೆಬಾಯಿ ಈ ವಂಶದ ಸೊತ್ತು. ಗದ್ದೆಯಲ್ಲಿ ಜಿಗಿಯುವ ಹುಳುಗಳು ಎರಡು ಬಣಗಳವು. ಎಲೆಯ ಮೇಲಿರುವ ಹಸಿರು ಜಿಗಿಹುಳುವಿನದು ಒಂದು ಬಣ, ಬುಡದಲ್ಲಿರುವ ನಮ್ಮ ಹುಳುವಿನದು ಇನ್ನೊಂದು. ಬಣ್ಣವನ್ನು ನಂಬಿ ಇವನ್ನು ಬೇರ್ಪಡಿಸುವುದು ಕ್ಷೇಮವಲ್ಲ, ಕಾಲನ್ನು ನೋಡಬೇಕು. ಹಸಿರು ಹುಳುವಿನ ಹಿಂಗಾಲಿನ ಉದ್ದಕ್ಕೂ ಗರಗಸದಂತೆ ಸಾಲುಮುಳ್ಳುಗಳಿವೆ. ನಮ್ಮ ಹುಳುವಿಗೆ ಆ ಸಾಲುಗಳಿಲ್ಲ. ಅದರ ಬದಲು ಹಿಂಗಾಲಿನ ಹರಡಿನ ಬಳಿ, ಕಾಲು ಪಾದವನ್ನು ಕೂಡುವಲ್ಲಿ, ಅತ್ತಿತ್ತ ಆಡಬಲ್ಲ ಒಂದೇ ಒಂದು ದೊಡ್ಡ ಮುಳ್ಳು. ಎಲೆಯಾಕಾರದ, ಅಂಚಿನಲ್ಲಿ ನಸುಹಲ್ಲುಗಳಿರುವ ಈ ಮುಳ್ಳು ಹುಂಜದ ಕಾಲಿನ ಮುಳ್ಳನ್ನು ನೆನಪಿಗೆ ತರುತ್ತದೆ. ಡೆಲ್ಫಾಸಿಡೇ ಎಂಬ ಇಡೀ ಕುಟುಂಬಕ್ಕೆ ಇದೇ ಮುದ್ರೆಯುಂಗುರ. ಭೂತಗನ್ನಡಿಯಲ್ಲಿ ಅದು ಕಂಡರೆ ಕುಟುಂಬ ಇದೇ ಎಂದು ಹೇಳಿಬಿಡಬಹುದು. ಆ ಮುಳ್ಳಿನ ಮುಂದಿರುವ ಪಾದದ ಮೊದಲ ಗೆಣ್ಣಿನ ಪಕ್ಕದಲ್ಲಿ ಇನ್ನೂ ಚಿಕ್ಕದಾದ ಒಂದೋ ಎರಡೋ ಹೆಚ್ಚೋ ಮುಳ್ಳುಗಳು ಇದ್ದರೆ, ಕುಲ ನೀಲಪರ್ವತ. ಭತ್ತದಲ್ಲೇ ಬೆರೆತಿರುವ ಬಿಳಿಬೆನ್ನಿನ ಜಿಗಿಹುಳುವಿಗೆ ಈ ಕೊನೆಯ ಗುರುತಿಲ್ಲ. ಅದರ ಬೆನ್ನಿನ ಮೇಲೆ, ರೆಕ್ಕೆಗಳ ಬುಡದ ನಡುವೆ, ವಿಭೂತಿ ಎಳೆದಂತೆ ಒಂದು ಬಿಳಿಯ ಪಟ್ಟೆ. ಅಷ್ಟರಿಂದಲೇ ಅದನ್ನು ಬೇರೆ ಮಾಡಬಹುದು.

ಮುಖವೂ ವಿಚಿತ್ರ. ಕುಡಿಮೀಸೆಗಳು ಕಣ್ಣುಗಳ ನಡುವೆ ಹುಟ್ಟದೆ ಕಣ್ಣುಗಳ ಕೆಳಗೆ ಹುಟ್ಟುತ್ತವೆ. ಅವುಗಳ ಎರಡನೆಯ ಗೆಣ್ಣು ಉಬ್ಬಿಕೊಂಡು, ಮೇಲೆಲ್ಲ ವಾಸನೆ ಹಿಡಿಯುವ ಪುಟ್ಟ ದಿಬ್ಬಗಳಿಂದ ತುಂಬಿರುತ್ತದೆ. ಹಣೆಯಿಂದ ಕೆಳಗೆ ಏಣುಗಳು ಇಳಿದಿವೆ. ಇಷ್ಟಾದರೂ, ಸೋದರ ಜಾತಿಗಳಿಂದ ಇದನ್ನು ನಿಸ್ಸಂದೇಹವಾಗಿ ಬೇರ್ಪಡಿಸಬೇಕಾದರೆ ಗಂಡುಹುಳುವಿನ ಜನನಾಂಗದ ಕೊಕ್ಕೆಗಳ ಆಕಾರವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.

ಇದರ ಮರಿಗೆ ನಮ್ಮ ಕೃಷಿ ಕರಪತ್ರಗಳು ಇಟ್ಟಿರುವ ಹೆಸರು ಅಪ್ಸರೆ. ಇಂಗ್ಲಿಷಿನ ನಿಂಫ್ ಎಂಬ ಶಬ್ದವನ್ನು ಯಾರೋ ಪುಣ್ಯಾತ್ಮರು ನಿಘಂಟಿನಲ್ಲಿ ಹುಡುಕಿ ಸಿಕ್ಕಿದ ಮೊದಲ ಅರ್ಥವನ್ನು ಎತ್ತಿಕೊಂಡರೆಂದು ತೋರುತ್ತದೆ. "ಅಪ್ಸರೆಗಳು ಕಾಂಡದ ರಸವನ್ನು ಹೀರುತ್ತವೆ" ಎಂಬ ವಾಕ್ಯವನ್ನು ಓದಿದಾಗಲೆಲ್ಲ ನನಗೆ ಇಂದ್ರಸಭೆಯ ಬಗ್ಗೆ ಕನಿಕರವಾಗುತ್ತದೆ. ಅದಿರಲಿ. ಹೆಣ್ಣು ಹುಳು ಗರಿಯ ತೊಟ್ಟಿನ ಕವಚವನ್ನು ಗರಗಸದಂಥ ಅಂಗದಿಂದ ಸೀಳಿ ಬಾಳೆಹಣ್ಣಿನ ಚಿಪ್ಪಿನಂತೆ ಬಾಗಿದ ಮೊಟ್ಟೆಗಳನ್ನು ಸಾಲಾಗಿ ಒಳಗೆ ನಾಟುತ್ತದೆ. ಒಂದು ವಾರದ ಮೇಲೆ ಮರಿಗಳು ಹೊರಬಂದು, ಐದು ಸಲ ಪೊರೆ ಕಳಚಿ, ಎರಡು ವಾರಗಳಲ್ಲಿ ಪ್ರಾಯಕ್ಕೆ ಬರುತ್ತವೆ. ಒಂದು ತಲೆಮಾರಿಗೆ ಒಂದು ತಿಂಗಳು ಸಾಕು. ಒಂದು ಹೆಣ್ಣು ಇನ್ನೂರು ಮುನ್ನೂರು ಮೊಟ್ಟೆ ಇಡುವುದುಂಟು. ಒಂದು ಬೆಳೆಯೊಳಗೆ ಮೂರು ತಲೆಮಾರು ಎಂದುಕೊಂಡು ಗುಣಿಸಿ ನೋಡಿದರೆ, ಮಾವನ ಗದ್ದೆ ಹದಿನೈದು ದಿನಗಳಲ್ಲಿ ಬೆಂದುಹೋದುದು ಪವಾಡವಲ್ಲವೆಂದು ತಿಳಿಯುತ್ತದೆ.

ಪ್ರಾಯಕ್ಕೆ ಬರುವ ಹೊತ್ತಿಗೆ ಈ ಹುಳುವಿನ ಮುಂದೆ ಎರಡು ದಾರಿಗಳಿವೆ. ರೆಕ್ಕೆ ಉದ್ದವಾಗಿ ಬೆಳೆದು ಹೊಟ್ಟೆಯನ್ನು ಮೀರಿ ಚಾಚಬಹುದು. ಇಲ್ಲವೆ ಮೋಟಾಗಿ ಉಳಿದು ಹಾರಲು ಬಾರದೆ ಹೋಗಬಹುದು. ತಿನಿಸು ಹುಲುಸಾಗಿದ್ದು ನೆರೆಹೊರೆ ವಿರಳವಾಗಿದ್ದಾಗ ಮೋಟುರೆಕ್ಕೆಯ ಹೆಣ್ಣುಗಳು ಹುಟ್ಟುತ್ತವೆ. ಅವು ಹಾರುವ ಗೊಡವೆಗೆ ಹೋಗದೆ, ಬೇಗನೆ ಮೊಟ್ಟೆಯಿಡಲು ಮೊದಲುಮಾಡಿ, ಹೆಚ್ಚು ಇಡುತ್ತವೆ. ಪೈರು ಬಲಿತು ಸಾರ ಇಳಿದಾಗ, ಬುಡದಲ್ಲಿ ಜನಸಂದಣಿ ಹೆಚ್ಚಿದಾಗ, ಉದ್ದರೆಕ್ಕೆಯವು ಹುಟ್ಟಿ ಊರು ಬಿಡುತ್ತವೆ. ಒಂದೇ ತಾಯಿಯ ಮಕ್ಕಳಲ್ಲಿ ಇದನ್ನು ನಿರ್ಧರಿಸುವುದು ಇನ್ಸುಲಿನ್‌ಗೆ ಓಗೊಡುವ ಎರಡು ಗ್ರಾಹಕಗಳ ಪೈಪೋಟಿಯೆಂದು ಚೀನಾದ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ನಮ್ಮಲ್ಲಿ ಸಕ್ಕರೆ ಕಾಯಿಲೆಯ ಮಾತು ಬಂದಾಗ ಕೇಳಿಬರುವ ಅದೇ ಇನ್ಸುಲಿನ್‌ನ ಬಳಗ.

ಜಿಗಿಹುಳುಗಳ ಜಿಗಿತವೂ ಸಾಮಾನ್ಯವಲ್ಲ. ಇಸ್ಸಸ್ ಎಂಬ ಯುರೋಪಿನ ಇನ್ನೊಂದು ಜಿಗಿಹುಳುವಿನ ಮರಿಯ ಹಿಂಗಾಲುಗಳ ಬುಡದಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಚಕ್ರಗಳಿವೆಯೆಂದು ಕೇಂಬ್ರಿಜ್‌ನ ಇಬ್ಬರು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಎರಡು ಕಾಲುಗಳೂ ಒಂದೇ ಕ್ಷಣದಲ್ಲಿ ಒದೆಯಲೆಂದು ಈ ಏರ್ಪಾಡು. ಗಡಿಯಾರದವನು ಕಂಡುಹಿಡಿದನೆಂದು ನಾವು ನಂಬಿದ್ದ ಯಂತ್ರ ಹುಳುವಿನ ತೊಡೆಯಲ್ಲಿತ್ತು!

ಮರಳಿ ಪೈರಿನ ಬುಡಕ್ಕೆ ಬರೋಣ. ಹುಳು ಸೂಜಿಬಾಯಿಯನ್ನು ಕಾಂಡದೊಳಗೆ ಇಳಿಸುತ್ತದೆ. ಇಳಿಸುವಾಗ ಅದರ ಜೊಲ್ಲು ಗಟ್ಟಿಯಾಗಿ ಸೂಜಿಯ ಸುತ್ತ ಒರೆಯಂತೆ ನಿಲ್ಲುತ್ತದೆ. ಸೂಜಿ ಹುಡುಕುವುದು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕೆಳಗೆ ಒಯ್ಯುವ ನಾಳವನ್ನು. ಆ ರಸದಲ್ಲಿ ಸಕ್ಕರೆ ಧಾರಾಳ, ಸಾರಜನಕ ಬಲು ಕಡಿಮೆ. ಮೈ ಬೆಳೆಯಲು, ಮೊಟ್ಟೆ ಕಟ್ಟಲು ಬೇಕಾದುದು ಸಾರಜನಕ. ಆದುದರಿಂದ ಹುಳು ಅಳತೆಮೀರಿ ಕುಡಿದು, ಬೇಡದ ಸಕ್ಕರೆಯನ್ನು ಅಂಟುಹನಿಗಳಾಗಿ ಹೊರಚೆಲ್ಲುತ್ತದೆ. ಅದರ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಇಷ್ಟಾದರೂ ಸಾಲದು. ಹುಳುವಿನ ಹೊಟ್ಟೆಯ ಕೊಬ್ಬಿನ ಅಂಗಾಂಶದಲ್ಲಿ ಹುದುಗಿನ ಜಾತಿಯ ಸೂಕ್ಷ್ಮಜೀವಿಗಳು ಒಕ್ಕಲಿದ್ದು, ರಸದಲ್ಲಿ ಇಲ್ಲದ ಪೋಷಕಗಳನ್ನು ತಯಾರಿಸಿ ಕೊಡುತ್ತವೆ. ತಾಯಿ ಅವನ್ನು ಮೊಟ್ಟೆಯೊಳಗಿಟ್ಟು ಮಕ್ಕಳಿಗೆ ಬಳುವಳಿ ಕೊಡುತ್ತಾಳೆ. ಈಗ ನನ್ನ ಸಲಹೆಯ ಮೇಲೆ ಮಾವ ಎರಚಿದ ಯೂರಿಯಾದ ಮಾತು. ಯೂರಿಯಾ ಎಂದರೆ ಸಾರಜನಕ. ಬಡವಾಗಿದ್ದ ರಸ ಅದರಿಂದ ಪುಷ್ಟವಾಯಿತು. ಹುಳು ಹೆಚ್ಚು ಮೊಟ್ಟೆಯಿಟ್ಟಿತು. ಪೈರಿಗೆಂದು ಕೊಟ್ಟ ತುಪ್ಪದನ್ನವನ್ನು ನಾನು ಬುಡದಲ್ಲಿದ್ದವನಿಗೆ ಬಡಿಸಿದ್ದೆ.

ರಸ ಸೋರಿ, ಒರೆಗಳಿಂದ ನಾಳಗಳು ಕಟ್ಟಿಕೊಂಡು, ಪೈರು ನಿಂತಲ್ಲೇ ಒಣಗುತ್ತದೆ. ಹುಳುಗಳು ಒಣಗಿದ ಬುಡದಿಂದ ಪಕ್ಕದ ಹಸಿ ಬುಡಕ್ಕೆ ದಾಟುತ್ತ ಹೊರಹೊರಗೆ ಹರಡುವುದರಿಂದ ಒಣಗು ದುಂಡಾಗಿ ಬೆಳೆಯುತ್ತದೆ. ನೀರಿನ ಸುಳಿಯಂತೆ. ತೆಲುಗರ ಸುಡಿದೋಮ ಎಂಬ ಹೆಸರು ಎಷ್ಟು ನೋಡಿ ಇಟ್ಟದ್ದೆಂದು ನನಗೆ ಅಂದು ಹೊಳೆಯಿತು.

ಈ ಪ್ರಾಣಿ ಹಾಡುತ್ತದೆ ಎಂದರೆ ನೀವು ನಂಬಬೇಕು. ಹೆಣ್ಣು ಹೊಟ್ಟೆಯನ್ನು ಅಲುಗಿಸಿ ಕಾಂಡದಲ್ಲಿ ಕಂಪನವನ್ನೆಬ್ಬಿಸುತ್ತದೆ. ಅದನ್ನು ಕಾಲಿನಿಂದ ಕೇಳಿಸಿಕೊಂಡ ಗಂಡು ತನ್ನ ಕಂಪನದಿಂದ ಮರುನುಡಿಯುತ್ತ ಹುಡುಕಿ ಬರುತ್ತದೆ. ಗಾಳಿಯಲ್ಲಿ ಸದ್ದಿಲ್ಲ. ಕಾಂಡಕ್ಕೆ ಸೂಕ್ಷ್ಮ ಉಪಕರಣವನ್ನು ತಾಗಿಸಿದರೆ ಮಾತ್ರ ನಮಗೆ ಕೇಳಿಸುತ್ತದೆ. ಈ ಹಾಡಿನಿಂದ ಗುರುತಿನ ಸಮಸ್ಯೆಯೊಂದು ಬಿಡಿಸಿಕೊಂಡಿತು. ಗದ್ದೆಯ ಅಂಚಿನ ಕಾಲುವೆಗಳಲ್ಲಿ ಲೀರ್ಸಿಯಾ ಎಂಬ ಭತ್ತದ ದಾಯಾದಿ ಹುಲ್ಲು ಬೆಳೆಯುತ್ತದೆ. ಅದರ ಮೇಲೂ ಇದೇ ಹುಳುವಿದೆ, ನೋಟಕ್ಕೆ ಅಭೇದ. ಹಾಗಾದರೆ ಹುಲ್ಲಿನ ಹುಳು ಭತ್ತಕ್ಕೆ ಬರುವುದೇ? ವೇಲ್ಸಿನ ಕ್ಲಾರಿಡ್ಜ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಫಿಲಿಪೀನ್ಸಿನ ಹುಳುಗಳ ಹಾಡನ್ನು ಮುದ್ರಿಸಿಕೊಂಡು ನೋಡಿದಾಗ, ಹುಲ್ಲಿನವುಗಳ ತಾಳವೇ ಬೇರೆ, ಭತ್ತದವುಗಳ ತಾಳವೇ ಬೇರೆಯಾಗಿತ್ತು. ಬೇರೆ ತಾಳದವರೊಡನೆ ಅವು ಕೂಡಲು ಒಪ್ಪುವುದು ಅಪರೂಪ. ಕಣ್ಣಿಗೆ ಒಂದಾಗಿ ಕಂಡದ್ದು ಕಿವಿಗೆ ಎರಡಾಯಿತು.

ಇದರ ಪ್ರಯಾಣದ ಕಥೆಯನ್ನು ಹೇಳದಿದ್ದರೆ ಅನ್ಯಾಯವಾದೀತು. ಜಪಾನಿನ ಚಳಿಗಾಲವನ್ನು ಈ ಹುಳು ಬದುಕಿ ದಾಟಲಾರದು. ಆದರೂ ಪ್ರತಿವರ್ಷ ಮಳೆಗಾಲದಲ್ಲಿ ಅಲ್ಲಿನ ಗದ್ದೆಗಳಲ್ಲಿ ಪ್ರತ್ಯಕ್ಷವಾಗುತ್ತದೆ. ಎಲ್ಲಿಂದ? 1967ರ ಜುಲೈಯಲ್ಲಿ, ಜಪಾನಿನ ದಕ್ಷಿಣಕ್ಕೆ ಸುಮಾರು ಐನೂರು ಕಿಲೋಮೀಟರು ದೂರದ ನಡುಗಡಲಿನಲ್ಲಿ ಹವಾಮಾನ ವೀಕ್ಷಣೆಗೆ ನಿಂತಿದ್ದ ಹಡಗನ್ನು ಜಿಗಿಹುಳುಗಳ ಮೋಡವೊಂದು ಮುತ್ತಿತು, ಬಿಳಿಬೆನ್ನಿನವೂ ಕಂದಿನವೂ ಕೂಡಿ. ಸುತ್ತ ಒಂದು ಹುಲ್ಲುಕಡ್ಡಿಯಿಲ್ಲದ ನೀರು. ದಕ್ಷಿಣ ಚೀನಾದ ಗದ್ದೆಗಳಿಂದ ಮುಸ್ಸಂಜೆಯಲ್ಲಿ ಮೇಲೆದ್ದು, ಮುಂಗಾರಿನ ಗಾಳಿಯ ಹೊಳೆಗೆ ಬಿದ್ದು, ಒಂದೆರಡು ದಿನಗಳಲ್ಲಿ ಸಮುದ್ರವನ್ನು ದಾಟುತ್ತವೆಂದು ಆ ಬಳಿಕ ಸ್ಪಷ್ಟವಾಯಿತು. ಜಪಾನೀಯರಿಗೆ ಈ ಶತ್ರು ಹೊಸಬನಲ್ಲ. 1732ರಲ್ಲಿ ಪಶ್ಚಿಮ ಜಪಾನನ್ನು ಹಿಂಡಿದ ಕ್ಯೋಹೋ ಕ್ಷಾಮಕ್ಕೆ ಜಿಗಿಹುಳುಗಳೇ ಮುಖ್ಯ ಕಾರಣವೆನ್ನುತ್ತಾರೆ. ಅಲ್ಲಿನ ಹಳ್ಳಿಗರ ನಂಬಿಕೆಯೊಂದುಂಟು: 12ನೆಯ ಶತಮಾನದ ಸಾನೆಮೋರಿ ಎಂಬ ಮುದಿ ಯೋಧನ ಕುದುರೆ ಭತ್ತದ ಕೂಳೆಗೆ ಎಡವಿತಂತೆ, ಅವನು ಹತನಾದನಂತೆ, ಆ ಸೇಡಿಗೆ ಹುಳುವಾಗಿ ಹುಟ್ಟಿ ಭತ್ತವನ್ನು ಕಾಡುತ್ತಾನಂತೆ. ಹುಲ್ಲಿನ ಸಾನೆಮೋರಿಯನ್ನು ಮಾಡಿ, ಪಂಜು ಹಿಡಿದು, ಡೋಲು ಬಾರಿಸುತ್ತ ಊರಾಚೆ ಸಾಗಹಾಕುತ್ತಿದ್ದರು. ಪಂಜಿನ ಜೊತೆಗೆ ಉಪಾಯವೂ ಇತ್ತು. ಗದ್ದೆಯ ನೀರಿನ ಮೇಲೆ ತಿಮಿಂಗಿಲದ ಎಣ್ಣೆಯನ್ನು ತೆಳುವಾಗಿ ಹರಡಿ, ಪೈರನ್ನು ಬಡಿದು ಹುಳುಗಳನ್ನು ಅದರೊಳಕ್ಕೆ ಬೀಳಿಸುತ್ತಿದ್ದರು. ಈ ವಿಧಾನವನ್ನು ವಿವರಿಸಿ ಓಕುರಾ ನಾಗತ್ಸುನೆ 1826ರಲ್ಲಿ ಪುಸ್ತಕವನ್ನೇ ಬರೆದ. ಶತ್ರು ಬುಡದಲ್ಲಿದ್ದಾನೆಂಬುದು ಅವರಿಗೆ ಗೊತ್ತಿತ್ತು.

ನಮ್ಮ ಕಡೆ ಇದು ಬಹುಕಾಲ ಬಡಪಾಯಿಯಾಗಿತ್ತು. 1973-74ರಲ್ಲಿ ಕೇರಳದ ಕುಟ್ಟನಾಡಿನ ಗದ್ದೆಗಳನ್ನು ಅದು ಸುಟ್ಟಾಗಲೇ ದೇಶಕ್ಕೆ ಅದರ ಪರಿಚಯವಾದುದು. ಆ ದಶಕದಲ್ಲೇ ಇಂಡೋನೇಷ್ಯಾದಲ್ಲಿ ಹಾವಳಿ. ಗಿಡ್ಡ ತಳಿ, ಹೆಚ್ಚು ಗೊಬ್ಬರ, ವರ್ಷಕ್ಕೆರಡು ಬೆಳೆ, ಇವೆಲ್ಲ ಹುಳುವಿಗೆ ಹದವಾಗಿದ್ದವು, ನಿಜ. ಆದರೆ ದೊಡ್ಡ ಕಾರಣ ಔಷಧಿ. ಗದ್ದೆಯ ತಳದಲ್ಲಿ ತೋಳಜೇಡಗಳಿವೆ. ಮೊಟ್ಟೆಗಳನ್ನೇ ಹುಡುಕಿ ಹೀರುವ ಹಸಿರು ತಿಗಣೆಯಿದೆ. ಕೆಳಗೆ ಬಿದ್ದ ಮರಿಯನ್ನು ಹಿಡಿಯಲು ನೀರಿನ ಮೇಲೆ ಓಡಾಡುವ ಪುಟ್ಟ ತಿಗಣೆಗಳ ಪಡೆಯೇ ಇದೆ. ವಿಷ ಬಿದ್ದರೆ ಮೊದಲು ಸಾಯುವವು ಇವು. ಕಾಂಡದೊಳಗಿನ ಮೊಟ್ಟೆಗಳಿಗೆ ಏನೂ ಆಗದು. ವಾರದ ಮೇಲೆ ಮರಿ ಒಡೆದು ಬಂದಾಗ ಮನೆ ಕಾಯುವವರೇ ಇಲ್ಲ. ಕೆಲವು ಔಷಧಿಗಳು ಅಲ್ಪ ಪ್ರಮಾಣದಲ್ಲಿ ತಗುಲಿದಾಗ ಹೆಣ್ಣುಗಳು ಮೊದಲಿಗಿಂತ ಹೆಚ್ಚು ಮೊಟ್ಟೆಯಿಡುತ್ತವೆಂಬುದೂ ಪ್ರಯೋಗಗಳಲ್ಲಿ ಕಂಡಿದೆ. ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತದ ಮೇಲೆ 57 ಔಷಧಿಗಳ ಬಳಕೆಯನ್ನು ನಿಷೇಧಿಸಿತು. 1989ರ ಹೊತ್ತಿಗೆ ಔಷಧಿಗೆ ಕೊಡುತ್ತಿದ್ದ ಸಹಾಯಧನವನ್ನು ನಿಲ್ಲಿಸಿತು. ಅಲ್ಲಿ ಭತ್ತದ ಇಳುವರಿ ಇಳಿಯಲಿಲ್ಲ.

ತಳಿಯ ಬಲವನ್ನು ನಂಬಿದವರೂ ಪಾಠ ಕಲಿತರು. ಮುದ್ಗೊ ಎಂಬ ಭಾರತದ ಭತ್ತಕ್ಕೆ ಈ ಹುಳು ಬಾಯಿಹಾಕದೆಂದು 1960ರ ದಶಕದಲ್ಲಿ ಫಿಲಿಪೀನ್ಸಿನ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯಲ್ಲಿ ಗೊತ್ತಾಯಿತು. ಅದೇ ಬಗೆಯ ಗುಣವಿದ್ದ ಐಆರ್ 26 ತಳಿ 1973ರಲ್ಲಿ ಹೊರಬಂತು. ಎರಡು ಮೂರು ವರ್ಷಗಳಲ್ಲಿ ಹುಳು ಅದನ್ನೂ ತಿನ್ನಲು ಕಲಿಯಿತು. ಕೇರಳದ ಪಟ್ಟಾಂಬಿಯ ಪಿಟಿಬಿ 33 ಮಾತ್ರ ಒಂದಕ್ಕಿಂತ ಹೆಚ್ಚು ಬೀಗಗಳನ್ನು ಹಾಕಿಕೊಂಡಿರುವುದರಿಂದ ಹೆಚ್ಚು ಕಾಲ ತಾಳಿದೆ. ಇತ್ತ ನಾವು ಪಟ್ಟಣಿಗರು ಸಣ್ಣಕ್ಕಿಯ ಅನ್ನವೇ ಬೇಕೆನ್ನುವುದರಿಂದ ಮಾವನಂಥವರು ಬಿಪಿಟಿ 5204ನ್ನು ಬೆಳೆಯುತ್ತಾರೆ. ಆ ಮೃದುವಾದ ಅನ್ನ ಹುಳುವಿನೆದುರು ನಿರಾಯುಧ.

ಮಾವ ಆ ವರ್ಷ ಯೂರಿಯಾಕ್ಕೆ ಮೊದಲೇ, ಎಲೆ ಸುರುಳಿ ಹುಳುವಿಗೆಂದು, ಎರಡು ಸಲ ಔಷಧಿ ಹೊಡೆದಿದ್ದರು. ಮೂರನೆಯದು ಗದ್ದೆ ಸುಟ್ಟ ಮೇಲೆ. ಸಾಲ ತೀರಿಸಲು ಒಂದು ಜೊತೆ ಎತ್ತು ಹೋದವು. ಅವರು ನನಗೆ ಒಂದು ಮಾತನ್ನೂ ಆಡಲಿಲ್ಲ. ಮಾವಿ ಮಾತ್ರ, ಊಟ ಬಡಿಸುತ್ತ, "ಓದಿದವರ ಕಣ್ಣು ದೂರದ್ದು ನೋಡತಾವ" ಎಂದರು.

ಕಳೆದ ವರ್ಷ ಹೋದಾಗ ಮಾವನಿಗೆ ಎಪ್ಪತ್ತು ದಾಟಿತ್ತು. ಭತ್ತವನ್ನು ಬಿಟ್ಟಿಲ್ಲ. ಎಂಟು ಹತ್ತು ಅಡಿಗೊಂದು ಒಂದಡಿಯ ಖಾಲಿ ಪಟ್ಟಿ ಬಿಟ್ಟು ನಾಟಿ ಮಾಡಿಸುತ್ತಾರೆ, ಬೆಳಕು ಬುಡಕ್ಕೆ ಇಳಿಯಲೆಂದು. ಯೂರಿಯಾವನ್ನು ಸ್ವಲ್ಪಸ್ವಲ್ಪವೇ ಮೂರು ಕಂತಿನಲ್ಲಿ ಹಾಕುತ್ತಾರೆ. ಹುಳು ಏರುತ್ತಿದೆ ಎನ್ನಿಸಿದರೆ ಮೂರು ನಾಲ್ಕು ದಿನ ನೀರು ಬಸಿದುಬಿಡುತ್ತಾರೆ. ಸಂಜೆ ನನ್ನನ್ನು ಕರೆದುಕೊಂಡು ಗದ್ದೆಗೆ ಇಳಿದರು. ಒಂದು ಬುಡವನ್ನು ಬಗ್ಗಿಸಿ ಅಂಗೈಯಿಂದ ಎರಡು ಸಲ ತಟ್ಟಿದರು. ನೀರಿನ ಮೇಲೆ ಎಳ್ಳಿನಂತೆ ಉದುರಿದವು. ಪುಟ್ಟ ತಿಗಣೆಗಳು ಅತ್ತಣಿಂದಿತ್ತಣಿಂದ ಓಡಿಬಂದವು.

"ಎಷ್ಟ ಅದಾವ ಎಣಿಸಪಾ, ನನಗೀಗ ಕಣ್ಣು ಸಾಲಂಗಿಲ್ಲ."

"ನಾಲ್ಕು, ಮಾವ."

"ಜಾಡ?"

ನಾನು ಬಗ್ಗಿ ಸಂದಿಯಲ್ಲಿ ನೋಡಿದೆ. ಎರಡು ಇದ್ದವು, ಒಂದು ಬೆನ್ನ ಕೆಳಗೆ ಮೊಟ್ಟೆಯ ಗಂಟನ್ನು ಹೊತ್ತಿತ್ತು. ಹೇಳಿದೆ.

"ಹಂಗಾದ್ರ ಇರಲಿ ಬಿಡು. ನಾಡಿದ್ದು ಮತ್ತ ನೋಡೋಣು" ಎಂದು ಮಾವ ಮುಂದಿನ ಸಾಲಿಗೆ ಕಾಲಿಟ್ಟರು.